ದೇಶಕ್ಕಾಗಿ ಪ್ರಾರ್ಥಿಸಿದ ಮಳೆಗಾಲ

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ನಮ್ಮ ಕಡೆ ಹಿಂದೂಗಳು ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಆಗ ಮದುವೆ ಹಾಲ್‌ಗಳೆಲ್ಲ ಖಾಲಿ ಇದ್ದು ಕ್ರೈಸ್ತರಿಗೆ ಸುಲಭವಾಗಿ ಸಿಗುತ್ತವೆ. ಕಳೆದ ವರ್ಷ ಅಂಥದ್ದೇ ಒಂದು ಮದುವೆಗೆ ನಾನು ಉಡುಪಿಯಿಂದ ಕಾರ್ಕಳಕ್ಕೆ ಹೋಗಿದ್ದೆ. ಊಟ ಮುಗಿದರೂ ಮಳೆ ನಿಲ್ಲುವ ಲಕ್ಷಣ ಕಾಣಲಿಲ್ಲ. ಬಸ್ ಸ್ಟ್ಯಾಂಡಿಗೆಂದು ರಿಕ್ಷಾ ಹತ್ತಿದವಳು ದಾರಿಯಲ್ಲಿ ಮನಸ್ಸು ಬದಲಿಸಿ, ಹಳೆಯ ಪರಿಚಯದ ಸುಗುಣಕ್ಕನ ಮನೆಯ ಕಡೆ ಬಿಡಲು ಹೇಳಿದೆ. ಬಾಗಿಲು ತೆರೆದದ್ದೇ ತಡ, ಮಜ್ಜಿಗೆ ಹುಲ್ಲು ಹಾಕಿ ಕುದಿಸಿದ ಚಹಾದ ಘಮವೂ ಒಳಗೆ ಬಿಡಿಸಿಟ್ಟ ಒದ್ದೆ ಕೊಡೆಯ ವಾಸನೆಯೂ ಒಟ್ಟಿಗೆ ಬಂದವು. ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೇ ನಾನು ಕಾರ್ಕಳದಲ್ಲಿ ಕಳೆದ ಆ ಒಂದು ವರ್ಷ ಪೂರ್ತಿಯಾಗಿ ಹಿಂದಕ್ಕೆ ಬಂತು.

ಅದು ಕೋವಿಡ್ ಬರುವುದಕ್ಕೂ ಮೊದಲಿನ ಮಾತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಉಡುಪಿಯ ಬನ್ನಂಜೆಯ ಮನೆಯಲ್ಲಿ ಅಪ್ಪ, ತಮ್ಮ, ತಮ್ಮನ ಹೆಂಡತಿ. ಮದುವೆಯ ಗೊಡವೆಗೆ ಹೋಗದ ನಾನು. ಅಪ್ಪನಿಗೆ ಮರೆವು ಶುರುವಾಗಿದ್ದ ಸಮಯದಲ್ಲೇ ನನ್ನನ್ನು ಒಂದು ವರ್ಷದ ಮಟ್ಟಿಗೆ ಕಾರ್ಕಳದ ಹತ್ತಿರದ ಶಾಲೆಗೆ ಹಾಕಿದರು. ದಿನಾ ಓಡಾಡುವುದು ಮಳೆಗಾಲದಲ್ಲಿ ಆಗದ ಮಾತು. ನಮ್ಮದೇ ಪ್ರೊಟೆಸ್ಟೆಂಟ್ ಸಭೆಯ ಎಸ್ತರಮ್ಮ ಎಂಬವರ ಮನೆಯ ಹೊರಗಿನ ಕೋಣೆ ಖಾಲಿ ಉಂಟೆಂದು ಯಾರೋ ಹೇಳಿದರು. ಜೂನಿನ ಮೊದಲ ವಾರ ಒಂದು ಟ್ರಂಕು, ಒಂದು ಸ್ಟೌ ಹಿಡಿದುಕೊಂಡು ಅಲ್ಲಿಗೆ ಹೋದೆ.

ಎಸ್ತರಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಮಕ್ಕಳಿಲ್ಲ, ಗಂಡ ತೀರಿಹೋಗಿ ಬಹಳ ಕಾಲ. ಹತ್ತಿರದವನೆಂದರೆ ಅಲೆವೂರಿನಲ್ಲಿದ್ದ ತಮ್ಮನ ಮಗ ವಿಲ್ಸನ್ ಒಬ್ಬನೇ. ಆದರೆ ಒಂಟಿತನ ಅವರ ಮುಖದಲ್ಲಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಗೋಡೆಯಾಚೆಯಿಂದ ಅವರ ಪ್ರಾರ್ಥನೆ ಕೇಳಿಸುತ್ತಿತ್ತು. ಅದರಲ್ಲಿ ಹೆಸರುಗಳೇ ಹೆಚ್ಚು. ಊರಿನ ಅರ್ಧ ಜನರನ್ನು ಒಬ್ಬೊಬ್ಬರಾಗಿ ಕರೆದು ದೇವರಿಗೆ ತೋರಿಸಿದ ಹಾಗೆ. ಮನೆಗೆ ಮೀನು ತರುವ ಹೆಂಗಸು, ಗ್ಯಾಸಿನ ಹುಡುಗನ ಮೊಣಕಾಲು, ಪಕ್ಕದ ಮನೆಯ ಭಟ್ಟರ ಸೊಸೆಯ ಹೆರಿಗೆ, ಯಾವುದನ್ನೂ ಅವರು ಬಿಡುತ್ತಿರಲಿಲ್ಲ.

ಪ್ರತಿ ಬುಧವಾರ ಸಂಜೆ ನಾಲ್ಕೈದು ಮನೆಯವರು ಪ್ರಾರ್ಥನೆಗೆಂದು ಸೇರಿ ಮನೆಕೂಟ ನಡೆಸುತ್ತಿದ್ದರು. ಹೆಚ್ಚಾಗಿ ಅದು ಸುಗುಣಕ್ಕನ ಮನೆಯಲ್ಲಿ. ಸುಗುಣಕ್ಕ ಹೊಲಿಗೆ ಮಾಡಿ ಮಗಳನ್ನು ಓದಿಸಿದ ವಿಧವೆ. ಜೂನಿನಲ್ಲಿ ಶಾಲಾ ಯೂನಿಫಾರ್ಮುಗಳ ರಾಶಿ ಚಾವಡಿಯಲ್ಲಿ ಸೊಂಟದೆತ್ತರಕ್ಕೆ ಬಿದ್ದಿರುತ್ತಿತ್ತು. ಬುಧವಾರ ಅದನ್ನೆಲ್ಲ ಮೂಲೆಗೆ ಸರಿಸಿ ಚಾಪೆ ಹಾಸುತ್ತಿದ್ದರು. ಕೂಟ ನಡೆಸುವವರು ಜೋಯೆಲಣ್ಣ. ಅವರು ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರು, ದಿನವಿಡೀ "ಮಣಿಪಾಲ, ಉಡುಪಿ, ಉಡುಪಿ" ಎಂದು ಕೂಗಿ ಪಳಗಿದ ಗಂಟಲು. ಅವರು ಪ್ರಾರ್ಥನೆ ಶುರು ಮಾಡಿದರೆ, ದೇವರು ಬಸ್ಸು ತಪ್ಪಿಸಿಕೊಂಡಾರು ಎಂಬ ಹೆದರಿಕೆ ಅದರಲ್ಲಿ ಇದ್ದಂತೆ ಕೇಳುತ್ತಿತ್ತು.

ಆ ಕೂಟದಲ್ಲಿ ನಾನು ಬೇರೆಲ್ಲೂ ಕಾಣದ ಒಂದು ಕ್ರಮ ಇತ್ತು. ತನಗಾಗಿ ತಾನೇ ಪ್ರಾರ್ಥಿಸುವ ಹಾಗಿಲ್ಲ. ಒಬ್ಬೊಬ್ಬರೂ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು. ಪಕ್ಕದಲ್ಲಿ ಕುಳಿತವರು ಅದನ್ನು ತಮ್ಮದಾಗಿ ಎತ್ತಿಕೊಂಡು ದೇವರಲ್ಲಿ ಕೇಳಬೇಕು. ಮೊದಲ ಬುಧವಾರ ನನ್ನ ಸರದಿ ಬಂದಾಗ ಸಂಕೋಚದಿಂದ, "ಅಪ್ಪನ ಆರೋಗ್ಯಕ್ಕೆ" ಎಂದಷ್ಟೇ ಹೇಳಿದೆ. ಅಪ್ಪನ ಮರೆವಿನ ಸುದ್ದಿ ಮೊದಲೇ ತಿಳಿದಿದ್ದ ಎಸ್ತರಮ್ಮ ನನ್ನ ಪಕ್ಕದಲ್ಲಿದ್ದರು. ಮಾತಾಡುವಾಗ ತುಳು, ಪ್ರಾರ್ಥನೆಗೆ ಕನ್ನಡ ಎಂಬುದು ನಮ್ಮವರ ರೂಢಿ. ಎಸ್ತರಮ್ಮನಿಗೆ ಮಾತ್ರ ಎರಡೂ ಕಲಸಿಹೋಗುತ್ತಿದ್ದವು.

"ಓ ದೇವೆರೇ, ಈ ಶಾಂತಿ ಟೀಚರ್ ಬಂದಂದಿನಿಂದ ಸರಿ ಊಟ ಮಾಡುವುದಿಲ್ಲ. ಅಪ್ಪ ಅಲ್ಲಿ, ಇವಳು ಇಲ್ಲಿ. ಅವರು ಒಂದೊಂದೇ ಮರೆಯುತ್ತಾ ಇದ್ದಾರೆ. ಏನು ಮರೆತರೂ ತೊಂದರೆ ಇಲ್ಲ, ಇವಳನ್ನು ಮರೆಯದ ಹಾಗೆ ನೋಡಿಕೋ."

ನನ್ನ ಭಯ ಅದೇ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ನನಗೇ ಅದು ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಬೇರೆಯವರ ಬಾಯಿಯಿಂದ, ನನ್ನ ಹೆಸರಿನೊಂದಿಗೆ ಅದನ್ನು ಕೇಳಿದಾಗ ಕಣ್ಣು ತುಂಬಿ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಕುಳಿತೆ. ಸುಗುಣಕ್ಕ ಏನೂ ಕೇಳದೆ ಚಹಾದ ಲೋಟ ತಂದು ಕೈಗಿಟ್ಟರು. ಅಂದಿನಿಂದ ನನಗೆ ಬುಧವಾರವೆಂದರೆ ಮನೆಗೆ ಹೋಗುವ ದಿನದಷ್ಟೇ ಇಷ್ಟವಾಯಿತು.

ಸುಗುಣಕ್ಕನ ಮಗಳು ಪ್ರೇರಣಾ ಮಣಿಪಾಲದಲ್ಲಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ನಾನು ಶನಿವಾರ ಮಧ್ಯಾಹ್ನ ಊರಿಗೆ ಹೋಗುವಾಗ ಎಷ್ಟೋ ಸಲ ಅವಳೂ ಮಧ್ಯಾಹ್ನದ ಪಾಳಿಗೆಂದು ಅದೇ ಬಸ್ಸಿನಲ್ಲಿ ಸಿಗುತ್ತಿದ್ದಳು. ಮಾತು ಕಡಿಮೆ, ನಗು ಹೆಚ್ಚು. ಅವಳಿಗೆ ಆರನೇ ವಯಸ್ಸಿನಲ್ಲಿ ಫಿಟ್ಸ್ ಬಂದದ್ದು, ಇದೇ ಚಾವಡಿಯಲ್ಲಿ ಬಿದ್ದಾಗ ಎಸ್ತರಮ್ಮ ಅವಳನ್ನು ಮಗ್ಗುಲಾಗಿ ಮಲಗಿಸಿ ತಲೆ ತೊಡೆಯ ಮೇಲೆ ಇಟ್ಟುಕೊಂಡು ಪ್ರಾರ್ಥಿಸುತ್ತಾ ಕುಳಿತದ್ದು, ಇವೆಲ್ಲ ಆ ಕೂಟದ ಎಲ್ಲರಿಗೂ ಗೊತ್ತಿದ್ದ ಕಥೆ. ಮದ್ದಿನಿಂದ ಅದು ಹತೋಟಿಗೆ ಬಂದು ವರ್ಷಗಳೇ ಆಗಿದ್ದವು.

ಆ ಜುಲೈಯಲ್ಲಿ ಅದು ಮತ್ತೆ ಬಂತು. ಬಚ್ಚಲುಮನೆಯಲ್ಲಿ ಬಿದ್ದು ಹುಬ್ಬು ಒಡೆದುಕೊಂಡಿದ್ದಳು. ಅದರ ಮೇಲೆ, ಕಾಪುವಿನಿಂದ ಒಂದು ಸಂಬಂಧದ ಮಾತು ನಡೆಯುತ್ತಿದ್ದ ಹೊತ್ತು. ಹುಡುಗ ನಿತಿನ್, ಉಡುಪಿಯ ಕಾರು ಶೋರೂಮಿನಲ್ಲಿ ಕೆಲಸ. ಒಳ್ಳೆಯ ಮನೆತನ. ಆ ಬುಧವಾರ ಸುಗುಣಕ್ಕ ತಮ್ಮ ಸರದಿಯಲ್ಲಿ ಹೇಳಿದರು.

"ಹುಡುಗಿಗೆ ಪುನಃ ಬಂತು. ಮದ್ದು ಬದಲಿಸಿದ್ದಾರೆ. ಕಾಪುವಿನವರು ಮನೆಗೆ ಬಂದ ದಿನ ನಾನೇ ಎದುರಿಗೆ ಕೂತು ಎಲ್ಲ ಹೇಳ್ಬೇಕು ಅಂತ ಉಂಟು. ಮುಚ್ಚಿಟ್ಟು ಕೊಡುವವಳು ನಾನಲ್ಲ. ಆದರೆ ಆ ಮಾತು ಹೇಳ್ಲಿಕ್ಕೆ ನನಗೆ ಧೈರ್ಯ ಬೇಕು. ಅದಕ್ಕೆ ಪ್ರಾರ್ಥನೆ ಮಾಡಿ."

ಅಂದು ಎಲ್ಲರೂ ಪ್ರಾರ್ಥಿಸಿದರು. ಜೋಯೆಲಣ್ಣನ ಗಂಟಲೂ ತಗ್ಗಿತ್ತು. ಎಸ್ತರಮ್ಮ ಎದ್ದು ಹೋಗಿ ಪ್ರೇರಣಾಳ ಹುಬ್ಬಿನ ಬ್ಯಾಂಡೇಜಿನ ಮೇಲೆ ಅಂಗೈ ಇಟ್ಟು ನಿಂತರು. ಹೊರಗೆ ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಇಷ್ಟು ಜನ ಒಬ್ಬಳಿಗಾಗಿ ಕಣ್ಣು ಮುಚ್ಚಿಕೊಂಡು ಕೂತಿರುವಾಗ ಅವಳಿಗೆ ಕೆಟ್ಟದ್ದಾಗಲು ಸಾಧ್ಯವೇ ಎಂದು ನನಗೆ ಅನಿಸಿದ್ದು ಈಗಲೂ ನೆನಪಿದೆ.

ಆ ವಾರ ನಾನು ಉಡುಪಿಗೆ ಹೋಗಿ ಸೋಮವಾರ ಮರಳಿದಾಗ ಎಸ್ತರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಕೈಯಲ್ಲಿ ವಿಲ್ಸನ್ ಕೊಡಿಸಿದ್ದ ಹೊಸ ಮೊಬೈಲು. ಅದರಲ್ಲಿ ಜಿಲ್ಲೆಯ ಕ್ರೈಸ್ತ ಹೆಂಗಸರ ಒಂದು ವಾಟ್ಸಾಪ್ ಗುಂಪು. ಟೈಪು ಮಾಡಲು ಬಾರದ ಎಸ್ತರಮ್ಮನಿಗೆ ಮೈಕಿನ ಗುರುತು ಒತ್ತಿ ಮಾತಾಡುವುದನ್ನು ಯಾರೋ ಕಲಿಸಿಕೊಟ್ಟಿದ್ದರು.

"ನೋಡು ಟೀಚರ್, ನಮ್ಮ ಪ್ರೇರಣಾಳಿಗೆ ಎಷ್ಟು ಜನ ಪ್ರಾರ್ಥಿಸ್ತಾ ಇದ್ದಾರೆ! ನಾವು ಎಂಟು ಜನ ಕೇಳಿದರೆ ಎಷ್ಟು, ಇಷ್ಟು ಜನ ಕೇಳಿದರೆ ಎಷ್ಟು, ಅಲ್ವಾ?"

ಫೋನಿನಿಂದ ಅವರದೇ ಸ್ವರ ಬಂತು. ಬೆಳಿಗ್ಗೆ ಗೋಡೆಯಾಚೆ ಕೇಳುವ ಅದೇ ಮೆತ್ತನೆಯ ಸ್ವರ. "ಸಹೋದರಿಯರೇ, ನಾನು ಕಾರ್ಕಳದ ಎಸ್ತರಮ್ಮ ಮಾತಾಡುವುದು. ನಮ್ಮ ಸುಗುಣನ ಮಗಳು ಪ್ರೇರಣಾಳಿಗೆ ಚಿಕ್ಕಂದಿನಲ್ಲಿ ಇದ್ದ ಫಿಟ್ಸ್ ಪುನಃ ಬಂದಿದೆ. ಚಿನ್ನದಂಥ ಹುಡುಗಿ. ಕಾಪುವಿನಿಂದ ಸಂಬಂಧ ಬಂದಿದೆ. ಅದಕ್ಕೆ ಯಾವ ಅಡ್ಡಿಯೂ ಬಾರದ ಹಾಗೆ ಎಲ್ಲರೂ ಮೊಣಕಾಲೂರಿ ಬೇಡಿಕೊಳ್ಳಿ."

ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನು ಏನು ಹೇಳುವುದು? ಹೊರಟ ಮಾತು ಆಗಲೇ ಹೊರಟುಹೋಗಿತ್ತು. ಎಸ್ತರಮ್ಮನ ಮುಖದಲ್ಲಿ ಮಾತ್ರ ದೊಡ್ಡ ಉಪಕಾರವೊಂದನ್ನು ಮಾಡಿದ ಬೆಳಕು.

ಕಾಪುವಿನವರು ಬರಲಿಲ್ಲ. ಬರುವುದಿಲ್ಲವೆಂದು ಫೋನು ಬಂತು. ಹುಡುಗನ ತಾಯಿ ಸುಗುಣಕ್ಕನಿಗೆ, "ಇಂಥ ವಿಷಯ ನಾವು ಊರವರ ಬಾಯಿಂದ ಕೇಳಬೇಕಾಯಿತಲ್ಲ" ಎಂದರಂತೆ. ಅವರ ಫೋನಿಗೆ ಆ ಸ್ವರ ಮೂರು ಕಡೆಯಿಂದ ಬಂದಿತ್ತಂತೆ. ಸುಗುಣಕ್ಕ ಇದನ್ನು ಯಾರಿಗೂ ಹೇಳಲಿಲ್ಲ. ನಾನು ಬಸ್ಸಿನಲ್ಲಿ ಪ್ರೇರಣಾಳ ಬಾಯಿಂದಲೇ ಕೇಳಿದೆ.

ಮುಂದಿನ ಬುಧವಾರ ಎಸ್ತರಮ್ಮ ಚಾಪೆಯ ಮೇಲೆ ಕುಳಿತುಕೊಳ್ಳುತ್ತಲೇ ಸಂಭ್ರಮದಿಂದ ಕೇಳಿದರು. "ಎಂತ ಸುಗುಣಾ, ಕಾಪುವಿನವರು ಯಾವಾಗ ಬರುವುದಂತೆ?"

ಸುಗುಣಕ್ಕ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕಿಟ್ಟರು. "ಬರ್ಲಿಕ್ಕಿಲ್ಲ. ನಿಮ್ಮ ಸ್ವರ ಕೇಳಿದ ಮೇಲೆ ಬರುವುದಿಲ್ಲ ಅಂದರು."

"ನನ್ನ ಸ್ವರ?"

"ಫೋನಿನಲ್ಲಿ ಹೇಳಿದಿರಲ್ಲ, ಲೋಕಕ್ಕೆಲ್ಲ."

ಎಸ್ತರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಾನು ಪ್ರಾರ್ಥನೆಗೆ ಅಂತ ಅಲ್ವಾ ಸುಗುಣಾ... ಪ್ರಾರ್ಥನೆಗೆ ಮಾತ್ರ..."

"ಗೊತ್ತುಂಟು. ಪ್ರಾರ್ಥನೆಗೇ. ಅದಕ್ಕೇ ನಾನು ಎಂತದೂ ಬೈಲಿಕ್ಕೂ ಆಗುವುದಿಲ್ಲ." ಸುಗುಣಕ್ಕನ ಸ್ವರ ಏರಲಿಲ್ಲ, ಏರಿದ್ದರೆ ಒಳ್ಳೆಯದಿತ್ತು. "ಒಂದೇ ಮಾತು. ಇನ್ನು ನನ್ನ ಮನೆಯ ವಿಷಯವನ್ನು ಯಾರೂ ದೇವರ ಹತ್ತಿರವೂ ಹೇಳುವುದು ಬೇಡ."

ಜೋಯೆಲಣ್ಣ ಗಡಿಬಿಡಿಯಿಂದ ಒಂದು ಹಾಡು ಎತ್ತಿದರು. ಅರ್ಧ ಜನ ಹಾಡಿದರು. ಬೇಡಿಕೆಗಳನ್ನು ಹೇಳುವ ಹೊತ್ತು ಬಂದಾಗ, ಸುಗುಣಕ್ಕನ ಸರದಿಯಲ್ಲಿ ಅವರು ಗೋಡೆ ನೋಡುತ್ತಾ, "ನನಗೆ ಎಂತದೂ ಇಲ್ಲ. ದೇಶಕ್ಕಾಗಿ ಪ್ರಾರ್ಥಿಸಿ" ಎಂದರು.

ಅವರ ನಂತರ ಕುಳಿತಿದ್ದ ಹೆಂಗಸಿಗೆ ಗಂಡನ ಕುಡಿತದ ಕಷ್ಟ ಇತ್ತು. ಪ್ರತಿ ವಾರ ಅದನ್ನೇ ಹೇಳಿ ಅಳುತ್ತಿದ್ದಳು. ಅವಳೂ ಅಂದು, "ಮಳೆಯಿಂದ ಯಾರಿಗೂ ಹಾನಿ ಆಗದಿರಲಿ" ಎಂದಳು. ಅವಳ ನಂತರದವರು ಸೈನಿಕರಿಗಾಗಿ, ಇನ್ನೊಬ್ಬರು ಆಳುವವರಿಗಾಗಿ. ಹೀಗೆ ಆ ಆಗಸ್ಟಿನಿಂದ ಮಳೆಗಾಲ ಮುಗಿಯುವವರೆಗೂ ನಾವು ದೇಶಕ್ಕಾಗಿ ಪ್ರಾರ್ಥಿಸಿದೆವು. ತಪ್ಪೇನೂ ಇಲ್ಲ, ದೇಶಕ್ಕೂ ಪ್ರಾರ್ಥನೆ ಬೇಕು. ಆದರೆ ಎದುರಿಗೇ ಕುಳಿತವರ ಸಂಕಟವನ್ನು ದಾಟಿಕೊಂಡು ದೇಶದವರೆಗೆ ಹೋಗುವ ಪ್ರಾರ್ಥನೆಗೆ ಬಿಸಿಯೇ ಇರುತ್ತಿರಲಿಲ್ಲ. ಚಹಾ ಕುಡಿದು ಬೇಗ ಬೇಗ ಎದ್ದು ಹೋಗುತ್ತಿದ್ದೆವು.

ಎಸ್ತರಮ್ಮ ಎರಡು ವಾರ ಬಂದು, ಆಮೇಲೆ ನಿಲ್ಲಿಸಿದರು. ಮೊಬೈಲನ್ನು ಒರೆಸುಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟರು. ವಿಲ್ಸನ್ ಫೋನು ಮಾಡಬೇಕಾದರೆ ನನಗೆ ಮಾಡುತ್ತಿದ್ದ. ಬೆಳಿಗ್ಗೆ ಗೋಡೆಯಾಚೆಯ ಪ್ರಾರ್ಥನೆಯೂ ಕೇಳಿಸದಾಯಿತು. ಒಂದು ದಿನ ಕೇಳಿಯೇಬಿಟ್ಟೆ. "ಮಾಡ್ತೇನೆ ಟೀಚರ್" ಎಂದರು, "ಬಾಯಿ ಬಿಡುವುದಿಲ್ಲ ಅಷ್ಟೆ." ಊಟ ಕಡಿಮೆಯಾಯಿತು. ಗಂಜಿಯನ್ನೂ ಅರ್ಧಕ್ಕೇ ಬಿಟ್ಟು ಹೊಟ್ಟೆ ಒತ್ತಿಕೊಂಡು ಕೂರುತ್ತಿದ್ದರು. ಡಾಕ್ಟರಲ್ಲಿಗೆ ಹೋಗೋಣವೆಂದರೆ "ಗ್ಯಾಸ್ ಮಾರಾಯ್ತಿ, ಮಳೆಗಾಲದಲ್ಲಿ ಹೀಗೇ" ಎಂದು ಜೀರಿಗೆ ಕಷಾಯ ಕುಡಿಯುತ್ತಿದ್ದರು. ಸೆಪ್ಟೆಂಬರಿನಲ್ಲಿ ವಿಲ್ಸನ್ ಕಾರು ತಂದು, "ಮಳೆ ಬಿಡುವವರೆಗೆ ಅತ್ತೆ ಅಲೆವೂರಿನಲ್ಲೇ ಇರಲಿ" ಎಂದು ಕರೆದುಕೊಂಡು ಹೋದ. ಹೊರಡುವಾಗ ಎಸ್ತರಮ್ಮ ಸುಗುಣಕ್ಕನ ಮನೆಯ ದಿಕ್ಕಿಗೆ ಒಮ್ಮೆ ನೋಡಿ ಕಾರು ಹತ್ತಿದರು.

ಈ ನಡುವೆ ಬಸ್ಸಿನಲ್ಲಿ ಪ್ರೇರಣಾ ನನಗೊಂದು ಸಂಗತಿ ಹೇಳಿದಳು. ಬೈಲೂರು ದಾಟಿದ ಮೇಲೆ, ಕಿಟಕಿಯ ಪರದೆ ಇಳಿಸಿ, ಯಾವುದೋ ಸಾಧಾರಣ ವಿಷಯ ಹೇಳುವ ಹಾಗೆ.

"ಟೀಚರ್, ನಿತಿನ್‌ಗೆ ನಾನು ಮೊದಲೇ ಹೇಳಿದ್ದೆ. ಮಣಿಪಾಲದಲ್ಲಿ ನಾವಿಬ್ಬರು ಮೊದಲ ಸಲ ಮಾತಾಡಿದ ದಿನವೇ. ಅವನು, ಅದರಲ್ಲಿ ಎಂತ ಉಂಟು, ಮದ್ದು ಉಂಟಲ್ಲ ಅಂದಿದ್ದ."

"ಮತ್ತೆ?"

"ಅವನ ಅಮ್ಮ ಫೋನು ಹಿಡಿದು ಕೂಗಾಡುವಾಗ, 'ನನಗೆ ಗೊತ್ತಿತ್ತು ಅಮ್ಮ' ಅಂತ ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನಗೆ ಬೇಸರ ಇರುವುದು ಅದಕ್ಕೆ. ಎಸ್ತರಮ್ಮನ ಮೇಲೆ ಅಲ್ಲ."

"ಇದನ್ನು ಅಮ್ಮನಿಗೆ ಹೇಳಿದೆಯಾ?"

"ಹೇಳಿದೆ. ಸುಮ್ಮನಿದ್ದವನ ಮೇಲೆ ಸಿಟ್ಟು ಮಾಡಿ ಎಂತ ಪ್ರಯೋಜನ, ಸುಮ್ಮನಿರಬೇಕಾದವರು ಸುಮ್ಮನಿರಲಿಲ್ಲವಲ್ಲ ಅಂದರು." ಅವಳು ನಕ್ಕಳು. ಆ ನಗು ಮೊದಲಿನದ್ದಾಗಿರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ, ಶಾಲೆಯ ಅಸೆಂಬ್ಲಿ ಮುಗಿಯುವಷ್ಟರಲ್ಲಿ ವಿಲ್ಸನ್ನನ ಫೋನು ಬಂತು. ಎಸ್ತರಮ್ಮ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಹೊಟ್ಟೆಯಲ್ಲಿ ಗಡ್ಡೆ ಇತ್ತಂತೆ, ಆಪರೇಷನ್ ಆಗಿ ಹತ್ತು ದಿನವಾಗಿತ್ತಂತೆ. ಚೇತರಿಸಿಕೊಳ್ಳುತ್ತಿದ್ದವರ ಹೃದಯ ನಿಂತುಹೋಯಿತಂತೆ. ಅವನು ಹೇಳಿದ ಪ್ರತಿಯೊಂದೂ ನನಗೆ ಹೊಸದು. ಅಲೆವೂರಿನ ಮನೆಯ ಚಾವಡಿಯಲ್ಲಿ ಕಾಲು ಚಾಚಿ ಕುಳಿತು ಮಳೆ ನೋಡುತ್ತಿದ್ದಾರೆ ಎಂದು ನಾವು ಅಂದುಕೊಂಡಿದ್ದ ದಿನಗಳಲ್ಲಿ ಅವರು ವಾರ್ಡಿನಲ್ಲಿ ಮಲಗಿದ್ದರು.

ಕಾರ್ಕಳದ ಸಭೆಯ ಸ್ಮಶಾನದಲ್ಲಿ, ಮಳೆ ಬಿಟ್ಟ ಒಂದು ಮಧ್ಯಾಹ್ನ ಮಣ್ಣು ಮಾಡಿದೆವು. ಮೀನಿನ ಹೆಂಗಸು ಬಂದಿದ್ದಳು, ಗ್ಯಾಸಿನ ಹುಡುಗ ಬಂದಿದ್ದ, ಭಟ್ಟರ ಸೊಸೆ ಮಗುವನ್ನು ಎತ್ತಿಕೊಂಡು ಗೇಟಿನ ಹೊರಗೆ ನಿಂತಿದ್ದಳು. ತಮಗಾಗಿ ಎಸ್ತರಮ್ಮ ದಿನವೂ ಬೇಡುತ್ತಿದ್ದರೆಂದು ಅವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ. ಸುಗುಣಕ್ಕ ಮಣ್ಣು ಹಾಕಿ ಹಿಂದೆ ಸರಿದರು.

ಅಲ್ಲಿಂದ ಸುಗುಣಕ್ಕನ ಮನೆಗೆ ಬಂದು ಕೈಕಾಲು ತೊಳೆದು ಅಡಿಗೆಮನೆಯಲ್ಲಿ ಕುಳಿತಿದ್ದಾಗ ಸುಗುಣಕ್ಕ, "ಒಂದು ಮಾತು ನಮಗೆ ತಿಳಿಸಬಾರದಿತ್ತಾ ಆ ವಿಲ್ಸನಿಗೆ? ನಾವು ಅಷ್ಟು ಬೇಡದವರಾ?" ಎಂದರು. ಆಗ ಪ್ರೇರಣಾ ತಲೆ ತಗ್ಗಿಸಿಕೊಂಡೇ ಹೇಳಿದಳು.

"ವಿಲ್ಸನಣ್ಣನನ್ನು ಬೈಬೇಡಮ್ಮ. ನನಗೆ ಗೊತ್ತಿತ್ತು."

ಸುಗುಣಕ್ಕ ಮಗಳ ಮುಖವನ್ನೇ ನೋಡಿದರು.

ಸ್ಕ್ಯಾನಿಂಗಿನ ಕಡೆಗೆ ವೀಲ್‌ಚೇರಿನಲ್ಲಿ ಕರೆದೊಯ್ಯುತ್ತಿದ್ದಾಗ ಎಸ್ತರಮ್ಮ ಅವಳಿಗೆ ಎದುರಾದರಂತೆ. ಮೊದಲು ಮುಖ ತಿರುಗಿಸಿಕೊಂಡರಂತೆ. ಆಮೇಲೆ ಪ್ರೇರಣಾಳ ಕೈ ಗಟ್ಟಿಯಾಗಿ ಹಿಡಿದು, "ಯಾರಿಗೂ ಹೇಳ್ಬೇಡ ಮಗಾ. ವಿಲ್ಸನಿಗೂ ಹಾಗೇ ಹೇಳಿದ್ದೇನೆ. ಪ್ರಾರ್ಥನೆಗೂ ಬೇಡ. ನನ್ನಿಂದ ನಿನ್ನ ಹೆಸರು ಊರೂರು ಸುತ್ತಿತು. ನನ್ನ ಹೆಸರನ್ನು ನೀನು ಯಾರ ಬಾಯಿಗೂ ಹಾಕ್ಬೇಡ" ಎಂದರಂತೆ. ಪ್ರೇರಣಾ ಮಾತು ಕೊಟ್ಟಳು. ಅಲ್ಲಿಂದ ದಿನವೂ ಬಿಡುವಿನಲ್ಲಿ ವಾರ್ಡಿಗೆ ಹೋಗಿ ಪಕ್ಕದಲ್ಲಿ ಕುಳಿತಳು. ಆಪರೇಷನ್ನಿಗೆ ಒಳಗೆ ಹೋಗುವ ಮೊದಲು ಎಸ್ತರಮ್ಮ, "ನೀನೊಬ್ಬಳು ಮಾಡ್ತೀಯಾ?" ಎಂದು ಕೇಳಿದರಂತೆ. ಅವಳು ಮಾಡಿದಳು. ಜೋರಾಗಿ ಪ್ರಾರ್ಥಿಸಿ ಅಭ್ಯಾಸವಿಲ್ಲದವಳು, ಹಾಸಿಗೆಯ ಕಂಬಿ ಹಿಡಿದುಕೊಂಡು, ಅಕ್ಕಪಕ್ಕದವರು ನೋಡುತ್ತಿರುವಾಗ.

"ನಾನು ಕೇಳಿದೆನಮ್ಮ, ಅಮ್ಮನನ್ನು ಕರಕೊಂಡು ಬರಲಾ ಅಂತ. ಎರಡು ಸಲ ಕೇಳಿದೆ. ಹೊಲಿಗೆ ಬಿಚ್ಚಲಿ, ನಡೀಲಿಕ್ಕೆ ಆಗಲಿ, ನಾನೇ ಅವಳ ಬಾಗಿಲಿಗೆ ಹೋಗ್ತೇನೆ ಅಂದರು. ನನ್ನ ಕಾಲಲ್ಲೇ ಹೋಗ್ಬೇಕು, ಇಲ್ಲದಿದ್ದರೆ ಕ್ಷಮೆ ಕೇಳಿದ ಹಾಗೆ ಆಗುವುದಿಲ್ಲ ಅಂದರು."

"ನನಗೊಬ್ಬಳಿಗೆ ಹೇಳಬಾರದಿತ್ತಾ? ನಾನು ನಿನ್ನ ಅಮ್ಮ!"

"ಹೇಗೆ ಹೇಳಲಿ? ಒಬ್ಬರಿಗೆ ಮಾತ್ರ ಅಂತ ಹೇಳಿದ್ದು ಎಲ್ಲಿಗೆ ಹೋಗ್ತದೆ ಅಂತ ನನಗಿಂತ ಹೆಚ್ಚು ಗೊತ್ತಿರುವವರು ಯಾರಮ್ಮ?"

ಸುಗುಣಕ್ಕ ಒಲೆಯ ಕಡೆ ತಿರುಗಿದರು. ಆಮೇಲೆ ನನಗೋ ಮಗಳಿಗೋ ತಮಗೋ ಎಂಬಂತೆ ಹೇಳಿದರು. "ಬೆಳಿಗ್ಗೆ ಪ್ರಾರ್ಥನೆಯಲ್ಲಿ ಅವರ ಹೆಸರು ಬಾಯಿಗೆ ಬರ್ತಿತ್ತು. ಎಷ್ಟು ವರ್ಷದ ಅಭ್ಯಾಸ. ಬಂದ ಕೂಡಲೇ ದಾಟಿ ಮುಂದೆ ಹೋಗ್ತಿದ್ದೆ, ಹೊಂಡ ದಾಟಿದ ಹಾಗೆ. ಇವತ್ತು ಬೇಡ, ಸಿಟ್ಟು ಇಳಿಯಲಿ, ಆಮೇಲೆ ಮಾಡುವ ಅಂತ. ಅಲ್ಲಿ ಅವರನ್ನು ಕೊಯ್ಯುತ್ತಿದ್ದರು. ಇಲ್ಲಿ ನಾನು ದೇಶಕ್ಕಾಗಿ ಪ್ರಾರ್ಥಿಸ್ತಾ ಇದ್ದೆ."

ಪ್ರೇರಣಾ ಅಮ್ಮನ ತೋಳು ಮುಟ್ಟಿದಳು. ಸುಗುಣಕ್ಕ ತೋಳು ಎಳೆದುಕೊಳ್ಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲೂ ಇಲ್ಲ.

ಯಾರ ಮೇಲೆ ತಪ್ಪು ಹೊರಿಸುವುದೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಎಸ್ತರಮ್ಮ ಪ್ರೀತಿಯಿಂದಲೇ ಹೇಳಿದರು. ಪ್ರೇರಣಾ ಪ್ರೀತಿಯಿಂದಲೇ ಹೇಳದೆ ಉಳಿದಳು. ಸುಗುಣಕ್ಕನ ಸಿಟ್ಟಿಗೂ ತಾಯಿಯ ಕರುಳೇ ಕಾರಣ. ನಮ್ಮ ಮಾತು ದೇವರಲ್ಲಿಗೆ ಹೊರಟಾಗ ದಾರಿಯಲ್ಲಿ ಮನುಷ್ಯರ ಕಿವಿಗಳನ್ನು ಹಾದು ಹೋಗುತ್ತದೆ ಎಂಬ ಸಣ್ಣ ಸಂಗತಿಯನ್ನು ನಾವು ಗಮನಿಸಲಿಲ್ಲ. ಗಮನಿಸಿದ ಮೇಲೆ, ಜಾಗ್ರತೆಯಿಂದ ಮಾತಾಡುವುದನ್ನು ಕಲಿಯುವ ಬದಲು ಮಾತಾಡುವುದನ್ನೇ ಬಿಟ್ಟೆವು. ಒಬ್ಬರ ನೋವನ್ನು ಇನ್ನೊಬ್ಬರು ಹೊರುವುದಕ್ಕೆ ನಂಬಿಕೆ ಬೇಕು. ದೇವರ ಮೇಲಿನದು ಸಾಲದು, ಚಾಪೆಯ ಮೇಲೆ ಪಕ್ಕದಲ್ಲಿ ಕುಳಿತವರ ಮೇಲಿನದೂ ಬೇಕು. ಎರಡನೆಯದು ಹೋದಾಗ ಮೊದಲನೆಯದು ಇದ್ದೂ ನಮ್ಮ ಬುಧವಾರಗಳು ಬಡವಾದವು.

ಏಪ್ರಿಲಿನಲ್ಲಿ ನನ್ನ ನಿಯೋಜನೆ ಮುಗಿಯಿತು. ಟ್ರಂಕು, ಸ್ಟೌ ಎತ್ತಿಕೊಂಡು ಬನ್ನಂಜೆಗೆ ಮರಳಿದೆ. ಅಪ್ಪ ಮತ್ತೆರಡು ವರ್ಷ ಬದುಕಿದರು. ಕೊನೆಗೆ ತಮ್ಮನನ್ನು ಗುರುತಿಸುತ್ತಿರಲಿಲ್ಲ. ನಾನು ಹತ್ತಿರ ಹೋದರೆ "ಶಾಂತಿ ಬಂದ್ಳಾ" ಎನ್ನುತ್ತಿದ್ದರು. ಪ್ರತಿ ಸಲವೂ ನನಗೆ ಕಾರ್ಕಳದ ಆ ಸಂಜೆ ನೆನಪಾಗುತ್ತಿತ್ತು. ಇದನ್ನು ಹೇಳಲು ಎಸ್ತರಮ್ಮ ಇರಲಿಲ್ಲ.

ಕಳೆದ ವರ್ಷದ ಆ ಮಳೆಯ ಮಧ್ಯಾಹ್ನ ಸುಗುಣಕ್ಕ ನನ್ನನ್ನು ಕೈಹಿಡಿದು ಒಳಗೆ ಕರೆದುಕೊಂಡರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪ್ರೇರಣಾ ಇನ್ನೂ ಮಣಿಪಾಲಕ್ಕೆ ಓಡಾಡುತ್ತಾಳೆ. ಫಿಟ್ಸ್ ಹತೋಟಿಯಲ್ಲಿದೆ. ಮದುವೆಯ ಮಾತು ಮತ್ತೆರಡು ಸಲ ಬಂತಂತೆ, ಅವಳೇ ಬೇಡವೆಂದಳಂತೆ. "ನನ್ನನ್ನು ನೋಡ್ಲಿಕ್ಕೆ ಬರುವವರ ಎದುರು ಇನ್ನು ಕೂರುವುದಿಲ್ಲ" ಎಂದಳಂತೆ. ಮನೆಕೂಟ ನಿಂತುಹೋಗಿದೆ. ಜೋಯೆಲಣ್ಣ ತೀರಿಕೊಂಡ ಮೇಲೆ ಯಾರೂ ಎತ್ತಿ ನಡೆಸಲಿಲ್ಲ. ವಾಟ್ಸಾಪಿನ ಗುಂಪು ಮಾತ್ರ ದೊಡ್ಡದಾಗಿದೆಯಂತೆ.

ಮಾತಿನ ನಡುವೆ ಸುಗುಣಕ್ಕ ಕೇಳಿದರು. "ಟೀಚರ್, ನೀವು ಓದಿದವರು. ಸತ್ತವರಿಗಾಗಿ ನಾವು ಪ್ರಾರ್ಥನೆ ಮಾಡಬಹುದಾ?"

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು.

"ಪಾದ್ರಿ ಅಯ್ಯನವರ ಹತ್ತಿರ ಕೇಳಿದೆ. ನಮ್ಮ ಸಭೆಯಲ್ಲಿ ಆ ಪದ್ಧತಿ ಇಲ್ಲ, ಅವರು ಈಗ ದೇವರ ಕೈಯಲ್ಲಿದ್ದಾರೆ, ಬದುಕಿರುವವರಿಗಾಗಿ ಮಾಡಿ ಅಂದರು. ಆಚೆ ಮನೆಯ ಕೆಥೊಲಿಕ್ ಬಾಯಮ್ಮ ನವೆಂಬರಿನಲ್ಲಿ ಸಮಾಧಿಗೆ ಕ್ಯಾಂಡಲ್ ಹಿಡಿದುಕೊಂಡು ಹೋಗ್ತಾರೆ, ಸತ್ತ ಗಂಡನಿಗೆ ಬೇಡಿಕೊಂಡು ಬರ್ತಾರೆ. ಅವರಿಗೆ ಹಾಗೊಂದು ದಿನ ಉಂಟು. ನಮಗೆ ಇಲ್ಲ. ನಮ್ಮಲ್ಲಿ ಎಲ್ಲ ಬದುಕಿದ್ದಾಗಲೇ ಮಾಡಿ ಮುಗಿಸ್ಬೇಕಿತ್ತು."

"ಹಾಗಾದರೆ ಏನು ಮಾಡ್ತೀರಿ ಅಕ್ಕ?"

ಸುಗುಣಕ್ಕ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಹೊರಗೆ ಮಳೆ ಸ್ವಲ್ಪ ಸಣ್ಣದಾಗಿತ್ತು.

"ಬೆಳಿಗ್ಗೆ ಎಲ್ಲರದ್ದೂ ಆದ ಮೇಲೆ ಅವರ ಹೆಸರು ಹೇಳ್ತೇನೆ. ಎಂತದನ್ನೂ ಕೇಳುವುದಿಲ್ಲ. ಕೇಳುವ ಕಾಲ ಹೋಯಿತಲ್ಲ, ಅದು ನನಗೆ ಗೊತ್ತುಂಟು. ಹೆಸರು ಹೇಳಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ದಾಟಿ ಹೋಗುವುದಿಲ್ಲ."